ಕೊನೆಯಲ್ಲಿ ಯಾರೋ ಒಬ್ಬರು ಸಾಯಲೇಬೇಕಾ?

ಪ್ರಶ್ನೆ: ಗಂಡು-ಗಂಡಿನ, ಹೆಣ್ಣು-ಹೆಣ್ಣಿನ ಪ್ರೀತಿಯ ಕಥೆ ಇರುವ ಕೆಲವು ಹಾಲಿವುಡ್ ಸಿನಿಮಾಗಳನ್ನು ನೋಡಿದೆ. ನಟನೆ ಚೆನ್ನಾಗಿತ್ತು. ಆದರೆ ಪ್ರತಿ ಸಲವೂ ಕೊನೆಗೆ ಒಬ್ಬರು ಸಾಯುತ್ತಾರೆ. ಬೇರೆ ದೇಶಗಳ ಸಿನಿಮಾಗಳು, ಸ್ವತಂತ್ರ ನಿರ್ದೇಶಕರ ಸಿನಿಮಾಗಳು ಬೇರೆ ಥರ ಇರುತ್ತವಾ? ನಿಮಗೆ ತುಂಬಾ ಇಷ್ಟವಾದವು ಯಾವುವು, ಎಲ್ಲಿಂದ ಶುರು ಮಾಡಲಿ? ಅಮ್ಮನ ಜೊತೆ ಕೂತು ನೋಡಬಹುದಾದದ್ದು ಒಂದಾದರೂ ಹೇಳಿ.

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಆ ಸಾವುಗಳು ಸುಮ್ನೆ ಬಂದವಲ್ಲ. ಇಂಥ ಪಾತ್ರಗಳು ಕೊನೆಗೆ ಸಾಯಬೇಕು ಅನ್ನುವುದು ಬಹಳ ಕಾಲ ನಿಯಮದ ಹಾಗೇ ನಡೆದುಕೊಂಡು ಬಂತು. ಹಾಗಾಗಿ ಹೆಸರುಗಳಿಗೆ ಹೋಗುವ ಮೊದಲು ಒಂದು ಮಾತು. ದುಃಖದ ಕೊನೆ ಬೇರೆ, ಶಿಕ್ಷೆಯ ಕೊನೆ ಬೇರೆ. ಇಬ್ಬರು ಪ್ರೀತಿಸಿದರು, ಅಗಲಿದರು, ಅದು ದುಃಖ. ಪ್ರೀತಿಸಿದ ತಪ್ಪಿಗೆ ಒಬ್ಬರು ಸತ್ತರು ಅಂತ ಕಥೆಯೇ ತೀರ್ಪು ಕೊಟ್ಟರೆ ಅದು ಶಿಕ್ಷೆ. ನಾನು ಸಿನಿಮಾ ಆರಿಸುವಾಗ ಮೊದಲು ನೋಡುವುದು ಇದನ್ನೇ. ಕಣ್ಣೀರು ತರಿಸುವ ಸಿನಿಮಾಗಳೂ ಕೆಳಗೆ ಇವೆ. ಶಿಕ್ಷೆ ಕೊಡುವಂಥವು ಇಲ್ಲ.

ಆ ಶಿಕ್ಷೆ ಎಲ್ಲಿಂದ ಬಂತು? ಅಮೆರಿಕದ ದೊಡ್ಡ ಸ್ಟುಡಿಯೋಗಳು 1934ರಿಂದ ಹೇಸ್ ಕೋಡ್ ಅನ್ನುವ ನಿಯಮಗಳನ್ನು ಬಿಗಿಯಾಗಿ ಪಾಲಿಸಿದವು. ಸಲಿಂಗ ಪ್ರೇಮವನ್ನು ತೋರಿಸುವ ಹಾಗಿರಲಿಲ್ಲ. ಸೂಚನೆ ಕೊಡುವ ಹಾಗೂ ಇರಲಿಲ್ಲ. 1961ರಲ್ಲಿ ಆ ಕಟ್ಟು ಸಡಿಲವಾಯಿತು. ಅದೇ ವರ್ಷ ಬಂದ 'ದಿ ಚಿಲ್ಡ್ರನ್ಸ್ ಅವರ್' ಸಿನಿಮಾದಲ್ಲಿ ಶರ್ಲಿ ಮೆಕ್ಲೇನ್ ಮಾಡಿದ ಟೀಚರ್ ತನ್ನ ಗೆಳತಿಯ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳುತ್ತಾಳೆ. ಆಮೇಲೆ ನೇಣು ಹಾಕಿಕೊಳ್ಳುತ್ತಾಳೆ. ತೆರೆಯ ಮೇಲೆ ಬರಲು ಅನುಮತಿ ಸಿಕ್ಕಿತು, ಬದುಕಲು ಸಿಗಲಿಲ್ಲ. ವಿಟೊ ರುಸ್ಸೊ ಬರೆದ 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್' ಪುಸ್ತಕ ಮೊದಲು ಬಂದದ್ದು 1981ರಲ್ಲಿ. ಯಾವ ಸಿನಿಮಾದಲ್ಲಿ ಇಂಥ ಪಾತ್ರ ಹೇಗೆ ಸತ್ತಿತು ಅನ್ನುವ ಒಂದು ಪಟ್ಟಿಯೇ ಅದರಲ್ಲಿದೆ. ಓದುತ್ತಾ ಹೋದರೆ ಎದೆ ಭಾರವಾಗುತ್ತದೆ. ಇದೇ ಹೆಸರಿನಲ್ಲಿ 1995ರಲ್ಲಿ ಬಂದ ಸಾಕ್ಷ್ಯಚಿತ್ರವೂ ಇದೆ. ನಿಮ್ಮ ಪ್ರಶ್ನೆಗೆ ಪೂರ್ತಿ ಚರಿತ್ರೆ ಬೇಕೆಂದರೆ ಅದನ್ನು ನೋಡಿ.

ಸಾಹಿತ್ಯದಲ್ಲೂ ಇದೇ ಕಥೆ. ಇ.ಎಂ. ಫಾರ್ಸ್ಟರ್ 1913-14ರಲ್ಲಿ 'ಮಾರಿಸ್' ಕಾದಂಬರಿ ಬರೆದರು. ಇಬ್ಬರು ಗಂಡಸರು ಕೊನೆಗೆ ಒಟ್ಟಿಗೇ ಉಳಿಯಬೇಕು ಅಂತ ಹಟ ಹಿಡಿದು ಬರೆದದ್ದು. ಹುಡುಗ ನೇಣಿಗೆ ಬಿದ್ದಿದ್ದರೆ ಇದನ್ನು ಪ್ರಕಟಿಸುವುದು ಸುಲಭವಾಗಿತ್ತು ಅಂತ ಅವರೇ ಆಮೇಲೆ ಬರೆದರು. ಪುಸ್ತಕ ಹೊರಬಂದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಜೇಮ್ಸ್ ಐವರಿ 1987ರಲ್ಲಿ ಅದನ್ನು ಸಿನಿಮಾ ಮಾಡಿದರು, ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್. ವೆನಿಸ್ ಚಿತ್ರೋತ್ಸವದಲ್ಲಿ ಜೇಮ್ಸ್ ವಿಲ್ಬಿ ಮತ್ತು ಹ್ಯೂ ಗ್ರಾಂಟ್ ಇಬ್ಬರಿಗೂ ಸೇರಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಿಧಾನವಾದ, ಹಳೇ ಕಾಲದ ನಡಿಗೆಯ ಸಿನಿಮಾ ಅದು. ಆದರೆ ಫಾರ್ಸ್ಟರ್ ಕೇಳಿದ ಕೊನೆಯನ್ನು ಅಳುಕದೆ ಕೊಟ್ಟಿದೆ.

ಇದೆಲ್ಲಾ ಹಳೇ ಕಾಲದ್ದು ಅನ್ನಿಸಬಹುದು. ಹಾಗೇನಿಲ್ಲ. 2018ರಲ್ಲಿ ಕೀನ್ಯಾದ 'ರಫೀಕಿ' ಬಂತು. ನೈರೋಬಿಯ ಇಬ್ಬರು ಹುಡುಗಿಯರು, ಕೆನಾ ಮತ್ತು ಜಿಕಿ. ಅವರ ಅಪ್ಪಂದಿರು ಚುನಾವಣೆಯಲ್ಲಿ ಎದುರಾಳಿಗಳು. ಕಾನ್ ಚಿತ್ರೋತ್ಸವಕ್ಕೆ ಆಯ್ಕೆಯಾದ ಮೊದಲ ಕೀನ್ಯನ್ ಸಿನಿಮಾ ಇದು. ಆದರೆ ತನ್ನ ದೇಶದಲ್ಲೇ ನಿಷೇಧವಾಯಿತು. ಕೊನೆಯಲ್ಲಿ ಪಶ್ಚಾತ್ತಾಪ ಸಾಲದು, ಭರವಸೆ ಜಾಸ್ತಿಯಾಯಿತು, ಬದಲಿಸಿ ಅಂತ ಸೆನ್ಸಾರ್ ಮಂಡಳಿ ಕೇಳಿತ್ತೆಂದು ನಿರ್ದೇಶಕಿ ವನೂರಿ ಕಹಿಯು ಹೇಳಿದ್ದಾರೆ. ಅವರು ಬದಲಿಸಲಿಲ್ಲ. ಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಏಳು ದಿನಗಳ ಮಟ್ಟಿಗೆ ನಿಷೇಧ ತೆಗೆಯಿತು. ಆ ಏಳು ದಿನ ನೈರೋಬಿಯಲ್ಲಿ ಥಿಯೇಟರ್ ತುಂಬಿತ್ತು. ನೀವು ಕೇಳಿದ ಪ್ರಶ್ನೆಯ ತಿರುಳು ಇಲ್ಲೇ ಇದೆ ನೋಡಿ. ಹುಡುಗಿಯರು ಮುತ್ತು ಕೊಟ್ಟದ್ದಕ್ಕಿಂತ, ಅವರು ನಾಶವಾಗದೆ ಉಳಿದದ್ದು ಮಂಡಳಿಗೆ ಜಾಸ್ತಿ ಚುಚ್ಚಿತು. ಆ ಸಿನಿಮಾ ತುಂಬಾ ಗುಲಾಬಿ, ಹಳದಿ, ನೇರಳೆ. ಪಾಳುಬಿದ್ದ ಒಂದು ವ್ಯಾನಿನ ಒಳಗೆ ಇಬ್ಬರೂ ತಮ್ಮದೇ ಮೂಲೆ ಮಾಡಿಕೊಳ್ಳುತ್ತಾರೆ. ಅವರ ಮೇಲೆ ಹಲ್ಲೆಯಾಗುತ್ತದೆ, ಅದನ್ನು ನೋಡುವುದು ಕಷ್ಟ. ಆದರೂ ಕಹಿಯು ತನ್ನ ಹುಡುಗಿಯರ ಕೈ ಬಿಡುವುದಿಲ್ಲ.

ಸ್ವತಂತ್ರ ಸಿನಿಮಾ ಯಾಕೆ ಮುಖ್ಯ ಅನ್ನುವುದಕ್ಕೆ ನನ್ನ ಉತ್ತರವೂ ಇದೇ. ಕೊನೆಯ ರೀಲಿನಲ್ಲಿ ಏನಾಗಬೇಕು ಅಂತ ದುಡ್ಡು ಹಾಕಿದವರು ಹೇಳುತ್ತಾರೆ. ದುಡ್ಡು ಚಿಕ್ಕದಾದರೆ ಹೇಳುವವರೂ ಕಡಿಮೆ. ಡಾನಾ ಡೀಚ್ ತನ್ನ 'ಡೆಸರ್ಟ್ ಹಾರ್ಟ್ಸ್' ಸಿನಿಮಾಕ್ಕೆ ಸ್ಟುಡಿಯೋ ಬಾಗಿಲು ಕಾಯಲಿಲ್ಲ. ವರ್ಷಗಟ್ಟಲೆ ಓಡಾಡಿ, ಒಬ್ಬೊಬ್ಬರಿಗೆ ಷೇರು ಮಾರಿ ಹಣ ಕೂಡಿಸಿದರು. ಜೇನ್ ರೂಲ್ ಬರೆದ 1964ರ ಕಾದಂಬರಿ ಆಧಾರ. ಕಥೆ ನಡೆಯುವುದು 1959ರಲ್ಲಿ, ಬೇಗ ವಿಚ್ಛೇದನ ಸಿಗುತ್ತದೆ ಅಂತ ಜನ ಬರುತ್ತಿದ್ದ ನೆವಾಡಾದ ರೀನೋ ಊರಲ್ಲಿ. ಗಂಡನಿಂದ ಬಿಡುಗಡೆ ಪಡೆಯಲು ಬಂದ ಪ್ರೊಫೆಸರ್ ವಿವಿಯನ್ ಅಲ್ಲಿ ತನಗಿಂತ ಚಿಕ್ಕವಳಾದ ಕೇ ಎಂಬ ಹುಡುಗಿಯನ್ನು ಭೇಟಿಯಾಗುತ್ತಾಳೆ. 1985ರಲ್ಲಿ ಸಿನಿಮಾ ಬಂತು. ಕೊನೆಯಲ್ಲಿ ವಿವಿಯನ್ ರೈಲು ಹತ್ತಿದ್ದಾಳೆ. ಮುಂದಿನ ಸ್ಟೇಷನ್ ತನಕ ಬಾ ಅಂತ ಕೇಳುತ್ತಾಳೆ. ಕೇ ಹತ್ತುತ್ತಾಳೆ. ಅಷ್ಟೇ. ಮದುವೆಯಿಲ್ಲ, ಆಣೆ ಪ್ರಮಾಣವಿಲ್ಲ. ಒಂದು ಸ್ಟೇಷನ್ ದೂರ. ಇಬ್ಬರು ಹೆಂಗಸರಿಗೆ ಅಷ್ಟು ಕೊಡುವುದಕ್ಕೂ ಅಮೆರಿಕದ ಸಿನಿಮಾ 1985ರ ತನಕ ಕಾಯಬೇಕಾಯಿತು ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ಅದೇ ವರ್ಷ ಲಂಡನ್ನಿನಿಂದ 'ಮೈ ಬ್ಯೂಟಿಫುಲ್ ಲಾಂಡ್ರೆಟ್' ಬಂತು. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್, ಬರೆದವರು ಹನೀಫ್ ಕುರೇಶಿ. ಚಾನೆಲ್ 4 ಟಿವಿಗೆಂದು 16 ಎಂಎಂನ ಚಿಕ್ಕ ಫಿಲ್ಮಿನಲ್ಲಿ ತೆಗೆದದ್ದು. ಜನ ಮೆಚ್ಚಿದ ಮೇಲೆ ಥಿಯೇಟರಿಗೆ ಬಂತು, ಕುರೇಶಿಗೆ ಆಸ್ಕರ್ ನಾಮನಿರ್ದೇಶನವೂ ಆಯಿತು. ಒಮರ್ ಪಾಕಿಸ್ತಾನಿ ಮನೆತನದ ಹುಡುಗ. ಜಾನಿ ಅವನ ಶಾಲೆಯ ಗೆಳೆಯ, ವಲಸಿಗರನ್ನು ದ್ವೇಷಿಸುವ ಗುಂಪಿನ ಜೊತೆ ಮೆರವಣಿಗೆ ಹೋಗಿದ್ದವನು. ಜಾನಿಯಾಗಿ ಡೇನಿಯಲ್ ಡೇ-ಲೂಯಿಸ್. ಇಬ್ಬರೂ ಸೇರಿ ಒಂದು ಗಲೀಜು ಲಾಂಡ್ರಿಯನ್ನು ಥಳಥಳ ಮಾಡುತ್ತಾರೆ. ಉದ್ಘಾಟನೆಯ ದಿನದ ದೃಶ್ಯವನ್ನು ನಾನು ಪಾಠ ಮಾಡುವಾಗ ತಪ್ಪದೆ ತೋರಿಸುತ್ತೇನೆ. ಹೊರಗೆ ಜನ ಕಾಯುತ್ತಿದ್ದಾರೆ. ಒಳಗೆ, ಮೆಷಿನ್‌ಗಳ ಮಧ್ಯೆ, ಒಮರ್‌ನ ಚಿಕ್ಕಪ್ಪ ತನ್ನ ಪ್ರೇಯಸಿಯ ಜೊತೆ ಡಾನ್ಸ್ ಮಾಡುತ್ತಿದ್ದಾನೆ. ಅವನಿಗೂ ಮನೆಯಲ್ಲಿ ಹೆಂಡತಿ ಇದ್ದಾಳೆ. ಹಿಂದಿನ ಕೋಣೆಯಲ್ಲಿ ಗಾಜಿನ ಆಚೆ ಒಮರ್ ಮತ್ತು ಜಾನಿ. ಒಂದೇ ಅಂಗಡಿಯಲ್ಲಿ ಎರಡು ಗುಟ್ಟಿನ ಪ್ರೀತಿ, ನಡುವೆ ಒಂದು ಗಾಜು. ಯಾವ ಪ್ರೀತಿ ಸರಿ, ಯಾವುದು ತಪ್ಪು ಅಂತ ಸಿನಿಮಾ ಭಾಷಣ ಮಾಡುವುದೇ ಇಲ್ಲ. ಕ್ಯಾಮೆರಾ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಇಬ್ಬರೂ ಹುಡುಗರು ಕೊನೆಯ ತನಕ ಬದುಕಿರುತ್ತಾರೆ, ಒಟ್ಟಿಗಿರುತ್ತಾರೆ. ಏಟು ತಿಂದ ಮೈಯಲ್ಲೇ ಒಬ್ಬರ ಮೇಲೊಬ್ಬರು ನೀರು ಚೆಲ್ಲಾಡುತ್ತಾರೆ.

ಈ ಸಿನಿಮಾಗಳಲ್ಲಿ ಜಾಗ ಎಷ್ಟು ಮುಖ್ಯ ಅಂತ ಗಮನಿಸಿ. ವ್ಯಾನು, ಲಾಂಡ್ರಿಯ ಹಿಂದಿನ ಕೋಣೆ, ರೈಲಿನ ಡಬ್ಬಿ. ಬೇರೆ ಪ್ರೇಮಕಥೆಗಳಲ್ಲಿ ಇಬ್ಬರೂ ಎಲ್ಲಿ ಬೇಕಾದರೂ ಭೇಟಿಯಾಗಬಹುದು. ಇಲ್ಲಿ ಒಟ್ಟಿಗೆ ಕೂರಲು ಒಂದು ಜಾಗ ಸಿಗುವುದೇ ಅರ್ಧ ಕಥೆ. ಒಳ್ಳೆ ನಿರ್ದೇಶಕರು ಆ ಜಾಗವನ್ನು ತುಂಬಾ ಮುತುವರ್ಜಿಯಿಂದ ಕಟ್ಟುತ್ತಾರೆ.

ಸೆಲೀನ್ ಸಿಯಾಮಾ ಅವರ 'ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್' ನನಗೆ ಎಲ್ಲಕ್ಕಿಂತ ಇಷ್ಟ. 2019ರ ಫ್ರೆಂಚ್ ಸಿನಿಮಾ. ಕಾನ್‌ನಲ್ಲಿ ಶ್ರೇಷ್ಠ ಚಿತ್ರಕಥೆ ಪ್ರಶಸ್ತಿಯೂ, ಸಲಿಂಗ ಪ್ರೇಮದಂಥ ವಸ್ತುವಿನ ಸಿನಿಮಾಗಳಿಗೆಂದೇ ಇರುವ ಕ್ವಿಯರ್ ಪಾಮ್ ಪ್ರಶಸ್ತಿಯೂ ಬಂತು. ಹದಿನೆಂಟನೇ ಶತಮಾನ, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಒಂದು ದ್ವೀಪ. ಎಲೊಯೀಸ್‌ಗೆ ಮಿಲಾನಿನ ಒಬ್ಬನ ಜೊತೆ ಮದುವೆ ಗೊತ್ತಾಗಿದೆ. ಅವಳು ಅವನನ್ನು ನೋಡಿಲ್ಲ. ಅವನಿಗೆ ಕಳಿಸಲು ಅವಳ ಚಿತ್ರ ಬೇಕು. ಅವಳು ಕೂರಲು ಒಪ್ಪುವುದಿಲ್ಲ. ಜೊತೆಗಾತಿ ಅಂತ ಸುಳ್ಳು ಹೇಳಿ ಮರಿಯಾನ್ ಎಂಬ ಚಿತ್ರಕಾರ್ತಿಯನ್ನು ಕರೆಸುತ್ತಾರೆ. ಹಗಲು ಕದ್ದು ನೋಡುವುದು, ರಾತ್ರಿ ನೆನಪಿನಿಂದ ಬಿಡಿಸುವುದು.

ಮೊದಲ ಚಿತ್ರ ಮುಗಿಯುತ್ತದೆ. ಎಲೊಯೀಸ್ ಅದನ್ನು ನೋಡಿ, ಇದರಲ್ಲಿ ನಾನೂ ಇಲ್ಲ, ನೀನೂ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ಮರಿಯಾನ್ ಚಿತ್ರದ ಮುಖವನ್ನು ಅಳಿಸಿಬಿಡುತ್ತಾಳೆ. ಆಗ ತಾಯಿ ಕೆಲವು ದಿನ ಊರಿಗೆ ಹೋಗುತ್ತಾಳೆ, ಎಲೊಯೀಸ್ ತಾನಾಗಿ ಕೂರಲು ಒಪ್ಪುತ್ತಾಳೆ. ಮುಂದೆ ಒಂದು ಮಾತುಕತೆ ಇದೆ. ನೀನು ಮುಜುಗರವಾದಾಗ ಹೀಗೆ ಮಾಡುತ್ತೀ, ಸಿಟ್ಟು ಬಂದಾಗ ಹಾಗೆ ಮಾಡುತ್ತೀ ಅಂತ ಮರಿಯಾನ್ ಪಟ್ಟಿ ಮಾಡುತ್ತಾಳೆ. ಎಲೊಯೀಸ್ ಅವಳನ್ನು ತನ್ನ ಪಕ್ಕಕ್ಕೆ ಕರೆದು, ನೀನು ನನ್ನನ್ನು ನೋಡುತ್ತಿರುವಾಗ ನಾನು ಯಾರನ್ನು ನೋಡುತ್ತಿದ್ದೆ ಅಂದುಕೊಂಡೆ ಅಂತ ಕೇಳುತ್ತಾಳೆ. ಆಮೇಲೆ ಅವಳ ಪಟ್ಟಿಯೂ ಹೊರಬರುತ್ತದೆ. ಸಿನಿಮಾದ ಜೀವ ಆ ಕ್ಷಣದಲ್ಲಿದೆ. ಹೆಣ್ಣನ್ನು ನೋಡುವ ಕಣ್ಣು ಸಿನಿಮಾಗಳಲ್ಲಿ ಸಾಮಾನ್ಯವಾಗಿ ಒಂದೇ ದಿಕ್ಕಿನದು. ಇಲ್ಲಿ ನೋಡಿಸಿಕೊಂಡವಳೂ ಅಷ್ಟೇ ನೋಡಿದ್ದಾಳೆ.

ಆ ದಿನಗಳಲ್ಲಿ ಮನೆಯಲ್ಲಿ ಮೂವರೇ. ಮೂರನೆಯವಳು ಕೆಲಸದ ಹುಡುಗಿ ಸೋಫಿ. ಅಡುಗೆಮನೆಯಲ್ಲಿ ಒಂದು ಶಾಟ್ ಇದೆ. ಯಜಮಾನಿಯ ಮಗಳು ಅಡುಗೆ ಮಾಡುತ್ತಿದ್ದಾಳೆ, ಚಿತ್ರಕಾರ್ತಿ ವೈನ್ ಸುರಿಯುತ್ತಿದ್ದಾಳೆ, ಸೋಫಿ ನೆಮ್ಮದಿಯಾಗಿ ಕಸೂತಿ ಹಾಕುತ್ತಿದ್ದಾಳೆ. ಮೇಲು ಕೀಳು ಎಲ್ಲಾ ಮಾಯವಾಗಿದೆ. ಸಿನಿಮಾದಲ್ಲಿ ಹಿನ್ನೆಲೆ ಸಂಗೀತವಿಲ್ಲ. ಬಟ್ಟೆಯ ಸರಸರ, ಬೆಂಕಿಯ ಚಟಪಟ, ಉಸಿರು. ಹಾಗಾಗಿ ರಾತ್ರಿ ಬೆಂಕಿಯ ಸುತ್ತ ಹೆಂಗಸರು ಇದ್ದಕ್ಕಿದ್ದಂತೆ ಹಾಡತೊಡಗಿದಾಗ ಮೈ ಝುಂ ಅನ್ನುತ್ತದೆ. ಕೊನೆಯಲ್ಲಿ ವಿವಾಲ್ಡಿಯ ಸಂಗೀತ ಪೂರ್ತಿಯಾಗಿ ಕೇಳಿದಾಗಲೂ ಅಷ್ಟೇ. ಚಿತ್ರಗಳನ್ನು ನಿಜವಾಗಿ ಬಿಡಿಸಿದವರು ಎಲೆನ್ ಡೆಲ್ಮೇರ್ ಎಂಬ ಕಲಾವಿದೆ. ಬಣ್ಣ ಹಚ್ಚುವಾಗ ಕಾಣುವ ಕೈಗಳು ಅವರದ್ದೇ. ಅವಸರ ಮಾಡದೆ ಒಂದೊಂದು ಗೆರೆ ಬೀಳುವುದನ್ನು ನೋಡಬಹುದು.

ಇಬ್ಬರೂ ಅಗಲುತ್ತಾರೆ. ಅದು ಮೊದಲೇ ಗೊತ್ತು, ಸಿನಿಮಾವೇ ನೆನಪಿನ ರೂಪದಲ್ಲಿ ಶುರುವಾಗುತ್ತದೆ. ಆದರೆ ಪ್ರೀತಿಸಿದ್ದಕ್ಕೆ ಯಾರಿಗೂ ಶಿಕ್ಷೆಯಿಲ್ಲ. ಆ ಕೆಲವು ದಿನಗಳು ಇಬ್ಬರ ಬದುಕನ್ನೂ ದೊಡ್ಡದು ಮಾಡಿದವು ಅಂತ ಸಿನಿಮಾ ನಂಬುತ್ತದೆ. ದುಃಖ ಬೇರೆ, ಶಿಕ್ಷೆ ಬೇರೆ ಅಂತ ನಾನು ಹೇಳಿದ್ದು ಇದನ್ನೇ.

ಇದರ ಪಕ್ಕದಲ್ಲಿ ಎಲ್ಲರೂ ಹೆಸರಿಸುವ ಇನ್ನೊಂದು ಫ್ರೆಂಚ್ ಸಿನಿಮಾ 'ಬ್ಲೂ ಈಸ್ ದ ವಾರ್ಮೆಸ್ಟ್ ಕಲರ್'. 2013ರಲ್ಲಿ ಕಾನ್‌ನ ಅತಿ ದೊಡ್ಡ ಪ್ರಶಸ್ತಿ ನಿರ್ದೇಶಕನ ಜೊತೆ ಇಬ್ಬರು ನಟಿಯರಿಗೂ ಸೇರಿ ಬಂತು. ಆದೆಲ್ ಎಕ್ಸಾರ್ಕೊಪುಲೋಸ್ ನಟನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅದರಿಂದ ಶುರು ಮಾಡಬೇಡಿ ಅನ್ನುತ್ತೇನೆ. ಅದರ ಉದ್ದನೆಯ ಹಾಸಿಗೆಯ ದೃಶ್ಯಗಳಲ್ಲಿ ಕ್ಯಾಮೆರಾ ಆ ಹುಡುಗಿಯರ ಜೊತೆ ಇಲ್ಲ, ಹೊರಗೆ ನಿಂತು ನೋಡುತ್ತಿದೆ. ಶೂಟಿಂಗ್ ಎಷ್ಟು ಕಷ್ಟವಾಗಿತ್ತು ಅಂತ ನಟಿಯರೇ ಆಮೇಲೆ ಹೇಳಿದರು. ಕಥೆಗೆ ಮೂಲವಾದ ಕಾಮಿಕ್ಸ್ ಬರೆದವರೂ ಆ ದೃಶ್ಯಗಳನ್ನು ಒಪ್ಪಲಿಲ್ಲ. ಮೊದಲು ಸಿಯಾಮಾ ನೋಡಿ, ಆಮೇಲೆ ಇದನ್ನು ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ.

ಗಂಡಸರ ಕಥೆಗಳಲ್ಲಿ ಆಂಡ್ರ್ಯೂ ಹೇ ಅವರ 'ವೀಕೆಂಡ್' ನನಗೆ ತುಂಬಾ ಹತ್ತಿರ. 2011ರದ್ದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಶುಕ್ರವಾರ ರಾತ್ರಿ ಕ್ಲಬ್ಬಿನಲ್ಲಿ ಪರಿಚಯ, ಭಾನುವಾರ ಒಬ್ಬ ಅಮೆರಿಕಕ್ಕೆ ಹೊರಡುತ್ತಾನೆ. ನಡುವೆ ಏನಾಗುತ್ತದೆ? ಮಾತು. ಎತ್ತರದ ಕಟ್ಟಡದ ಚಿಕ್ಕ ಫ್ಲಾಟ್‌ನಲ್ಲಿ ಇಬ್ಬರೂ ಮಾತಾಡುತ್ತಾರೆ, ಜಗಳವಾಡುತ್ತಾರೆ, ಮತ್ತೆ ಮಾತಾಡುತ್ತಾರೆ. ರಸೆಲ್ ಅಪ್ಪ ಅಮ್ಮ ಇಲ್ಲದೆ ಬೆಳೆದವನು. ತನ್ನ ವಿಷಯ ಹೇಳಿಕೊಳ್ಳಲು ಅವನಿಗೆ ಅಪ್ಪನೇ ಇಲ್ಲ. ಒಂದು ಬೆಳಗ್ಗೆ ಹಾಸಿಗೆಯಲ್ಲಿ ಗ್ಲೆನ್, ನಾನೇ ನಿನ್ನಪ್ಪ ಅಂದುಕೋ, ಹೇಳು ಅನ್ನುತ್ತಾನೆ. ರಸೆಲ್ ಹೇಳುತ್ತಾನೆ. ಆ ದೃಶ್ಯವನ್ನು ವಿವರಿಸುವುದಕ್ಕಿಂತ ನೋಡುವುದೇ ಒಳ್ಳೆಯದು. ದೊಡ್ಡ ಘಟನೆ ಒಂದೂ ಇಲ್ಲದ ಈ ಸಿನಿಮಾ ಮುಗಿದಾಗ ಇಬ್ಬರು ನಿಜವಾದ ಮನುಷ್ಯರನ್ನು ಬೀಳ್ಕೊಟ್ಟ ಹಾಗಾಗುತ್ತದೆ.

ವಾಂಗ್ ಕಾರ್-ವಾಯ್ ಅವರ 'ಹ್ಯಾಪಿ ಟುಗೆದರ್' ಇದಕ್ಕೆ ಪೂರ್ತಿ ಬೇರೆ. ಹಾಂಗ್‌ಕಾಂಗ್‌ನ ಇಬ್ಬರು ಗಂಡಸರು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿಕೊಂಡಿದ್ದಾರೆ. ಇಗ್ವಾಸು ಜಲಪಾತ ನೋಡಲು ಹೊರಟು ದಾರಿ ತಪ್ಪಿದವರು. ವಾಪಸು ಹೋಗಲು ದುಡ್ಡಿಲ್ಲ. ಒಟ್ಟಿಗಿರಲು ಆಗುವುದಿಲ್ಲ, ಬಿಟ್ಟಿರಲೂ ಆಗುವುದಿಲ್ಲ. ಲೆಸ್ಲಿ ಚೆಯುಂಗ್, ಟೋನಿ ಲೆಯುಂಗ್ ಇಬ್ಬರೂ ಆಗ ದೊಡ್ಡ ಸ್ಟಾರ್‌ಗಳು. 1997ರಲ್ಲಿ, ಅಂದರೆ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ ವರ್ಷ ಬಂತು, ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆಯಿತು. ಕಪ್ಪು ಬಿಳುಪಿನಲ್ಲಿ ಶುರುವಾಗಿ ಆಮೇಲೆ ಬಣ್ಣ ತುಂಬಿಕೊಳ್ಳುತ್ತದೆ. ಕೊಳಕು ಅಡುಗೆಮನೆಯಲ್ಲಿ ಇಬ್ಬರೂ ಟ್ಯಾಂಗೊ ಕುಣಿಯುವ ದೃಶ್ಯ ಒಂದಕ್ಕೇ ಈ ಸಿನಿಮಾ ನೋಡಬಹುದು. ಇಲ್ಲಿ ಜಗಳಕ್ಕೆ ಕಾರಣ ಸಮಾಜವಲ್ಲ, ಇಬ್ಬರ ಸ್ವಭಾವ. ಅದೂ ಒಂದು ಬಿಡುಗಡೆಯೇ ಅಲ್ವಾ? ಎಲ್ಲಾ ಪ್ರೇಮಿಗಳ ಹಾಗೆ ತಮ್ಮ ತಪ್ಪಿನಿಂದಲೇ ದೂರವಾಗುವ ಸ್ವಾತಂತ್ರ್ಯ.

ಸ್ವಲ್ಪ ಗಟ್ಟಿ ಮನಸ್ಸಿದ್ದಾಗ 'ಗ್ರೇಟ್ ಫ್ರೀಡಂ' ನೋಡಿ. 2021, ನಿರ್ದೇಶಕ ಆಸ್ಟ್ರಿಯಾದ ಸೆಬಾಸ್ಟಿಯನ್ ಮೈಸೆ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಜರ್ಮನಿಯಲ್ಲಿ 175ನೇ ಕಲಂ ಅಂತ ಇತ್ತು. ಗಂಡಸರ ನಡುವಿನ ಸಂಬಂಧ ಅದರ ಪ್ರಕಾರ ಅಪರಾಧ. ನಾಜಿಗಳು 1935ರಲ್ಲಿ ಅದನ್ನು ಇನ್ನೂ ಕ್ರೂರ ಮಾಡಿದರು. ಯುದ್ಧ ಮುಗಿದ ಮೇಲೂ ಪಶ್ಚಿಮ ಜರ್ಮನಿ ಅದೇ ರೂಪವನ್ನು 1969ರ ತನಕ ಇಟ್ಟುಕೊಂಡಿತು. ಪೂರ್ತಿ ರದ್ದಾದದ್ದು 1994ರಲ್ಲಿ. ಸಿನಿಮಾದ ಹಾನ್ಸ್ ನಾಜಿ ಶಿಬಿರದಿಂದ ನೇರವಾಗಿ ಜೈಲಿಗೆ ಬರುತ್ತಾನೆ. ಶಿಬಿರ ಬಿಡುಗಡೆಯಾಯಿತು, ಅವನಿಗೆ ಮಾತ್ರ ಬಿಡುಗಡೆಯಿಲ್ಲ. ಕಥೆ 1945, 1957, 1968ರ ನಡುವೆ ಓಡಾಡುತ್ತದೆ, ಅದೇ ಜೈಲು, ಅದೇ ಕಲಂ. ಅವನ ಕೋಣೆಯ ಜೊತೆಗಾರ ವಿಕ್ಟರ್‌ಗೆ ಮೊದಲು ಇವನನ್ನು ಕಂಡರೆ ಅಸಹ್ಯ. ಆಮೇಲೆ ಹಾನ್ಸ್‌ನ ತೋಳಿನಲ್ಲಿ ಶಿಬಿರದ ನಂಬರ್ ಕಾಣುತ್ತದೆ. ಅದು ಕಾಣದ ಹಾಗೆ ಮೇಲೆ ಹಚ್ಚೆ ಹಾಕಿಕೊಡುತ್ತೇನೆ ಅನ್ನುತ್ತಾನೆ ವಿಕ್ಟರ್. ಅಲ್ಲಿಂದ ಅವರ ನಡುವೆ ಬೆಳೆಯುವುದಕ್ಕೆ ಸಿನಿಮಾ ಯಾವ ಹೆಸರನ್ನೂ ಕೊಡುವುದಿಲ್ಲ. ಫ್ರಾಂಜ್ ರೊಗೋವ್‌ಸ್ಕಿ ಮಾತಿಗಿಂತ ಬೆನ್ನು, ಭುಜ, ನಡಿಗೆಯಲ್ಲೇ ಜಾಸ್ತಿ ನಟಿಸುತ್ತಾರೆ. ಶಿಕ್ಷೆಯೇ ಇದರ ವಸ್ತು. ಆದರೆ ಶಿಕ್ಷೆ ಕೊಡುವುದು ಕಾನೂನು, ಸಿನಿಮಾ ಅಲ್ಲ.

ಇದೇ ಕಲಂ ವಿರುದ್ಧ ಇದಕ್ಕೆ ನೂರು ವರ್ಷ ಮೊದಲೇ ಒಂದು ಸಿನಿಮಾ ಬಂದಿತ್ತು. 1919ರ 'ಆಂಡರ್ಸ್ ಆಲ್ಸ್ ಡೀ ಆಂಡರ್ನ್', ಜರ್ಮನಿಯ ಮೂಕಿ ಚಿತ್ರ. ಬ್ಲ್ಯಾಕ್‌ಮೇಲ್‌ಗೆ ಸಿಕ್ಕ ಒಬ್ಬ ಪಿಟೀಲು ವಾದಕನ ಕಥೆ. ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಚಿತ್ರಕಥೆಗೆ ಕೈ ಜೋಡಿಸಿದ್ದಲ್ಲದೆ ತಾವೇ ತೆರೆಯ ಮೇಲೂ ಬಂದು ಈ ಕಾನೂನು ತಪ್ಪು ಅಂತ ವಾದಿಸುತ್ತಾರೆ. ಮರುವರ್ಷವೇ ನಿಷೇಧವಾಯಿತು. ಈಗ ಉಳಿದಿರುವುದು ತುಣುಕುಗಳು ಮಾತ್ರ. 1931ರ 'ಮೇಡ್ಶೆನ್ ಇನ್ ಯುನಿಫಾರ್ಮ್' ಪೂರ್ತಿ ಸಿಗುತ್ತದೆ, ಅದನ್ನು ಖಂಡಿತ ನೋಡಿ. ನಿರ್ದೇಶಕಿ ಲಿಯೊಂಟಿನ್ ಸಾಗನ್, ನಟಿಸಿದವರೆಲ್ಲಾ ಹೆಂಗಸರೇ. ಕಟ್ಟುನಿಟ್ಟಿನ ಹಾಸ್ಟೆಲ್ ಶಾಲೆ, ಟೀಚರನ್ನು ಪ್ರೀತಿಸುವ ಹುಡುಗಿ ಮಾನುಯೆಲಾ. ಅವಳು ಸಾಯಲು ಮೆಟ್ಟಿಲು ಹತ್ತುತ್ತಾಳೆ. ಆಗ ಜೊತೆಯ ಹುಡುಗಿಯರೆಲ್ಲಾ ಅವಳ ಹೆಸರು ಕೂಗುತ್ತಾ ಓಡಿ ಬಂದು ಅವಳನ್ನು ಉಳಿಸಿಕೊಳ್ಳುತ್ತಾರೆ. ಹಾಲಿವುಡ್ ತನ್ನ ಟೀಚರನ್ನು ನೇಣಿಗೆ ಹಾಕುವುದಕ್ಕೆ ಮೂವತ್ತು ವರ್ಷ ಮೊದಲು!

ಏಡ್ಸ್ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಅಲ್ಲಿ ಸಾವು ಕಥೆಗಾರರು ತಂದದ್ದಲ್ಲ, ನಿಜವಾಗಿ ಬಂದದ್ದು. ರೋಬಿನ್ ಕಾಂಪಿಯೊ ಅವರ '120 ಬೀಟ್ಸ್ ಪರ್ ಮಿನಿಟ್' 2017ರದ್ದು. ತೊಂಬತ್ತರ ದಶಕದ ಪ್ಯಾರಿಸ್‌ನಲ್ಲಿ ಔಷಧಿಗಾಗಿ ಹೋರಾಡಿದ ಆಕ್ಟ್ ಅಪ್ ಸಂಘಟನೆಯ ಕಥೆ. ಕಾಂಪಿಯೊ ತಾವೇ ಅದರಲ್ಲಿದ್ದವರು. ಸಭೆಗಳ ದೃಶ್ಯಗಳೇ ರೋಮಾಂಚನ ಹುಟ್ಟಿಸುತ್ತವೆ. ಮಾತಾಡುವವರಿಗೆ ಅಡ್ಡಿಯಾಗಬಾರದು ಅಂತ ಚಪ್ಪಾಳೆ ಬದಲು ಬೆರಳು ಚಿಟಿಕೆ ಹೊಡೆಯುತ್ತಾರೆ. ಸಾಯುತ್ತಿರುವವರೂ ವಾದ ಮಾಡುತ್ತಾರೆ, ಕುಣಿಯುತ್ತಾರೆ, ಪ್ರೀತಿಸುತ್ತಾರೆ. ಇದಕ್ಕಿಂತ ಚಿಕ್ಕ, ಅಷ್ಟೇ ದಿಟ್ಟ ಸಿನಿಮಾ 1986ರ ನ್ಯೂಯಾರ್ಕಿನ 'ಪಾರ್ಟಿಂಗ್ ಗ್ಲಾನ್ಸಸ್'. ಅದರಲ್ಲಿ ಏಡ್ಸ್ ಇರುವ ನಿಕ್ ಆಗಿ ಸ್ಟೀವ್ ಬುಶೆಮಿ. ಅವನು ಚುರುಕು ನಾಲಿಗೆಯವನು, ಯಾರ ಕನಿಕರವನ್ನೂ ಕೇಳುವುದಿಲ್ಲ, ಸಿನಿಮಾ ಮುಗಿದಾಗಲೂ ಬದುಕಿರುತ್ತಾನೆ. ನಿರ್ದೇಶಕ ಬಿಲ್ ಶೆರ್‌ವುಡ್ ಮಾಡಿದ ಒಂದೇ ಪೂರ್ಣ ಪ್ರಮಾಣದ ಸಿನಿಮಾ ಇದು. 1990ರಲ್ಲಿ ಅವರೂ ಏಡ್ಸ್‌ನಿಂದಲೇ ತೀರಿಕೊಂಡರು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾರಿ ಜೆಂಕಿನ್ಸ್ ಅವರ 'ಮೂನ್‌ಲೈಟ್' ಸುಮಾರು 15 ಲಕ್ಷ ಡಾಲರ್‌ನಲ್ಲಿ ತಯಾರಾಗಿ 2017ರಲ್ಲಿ ಶ್ರೇಷ್ಠ ಚಿತ್ರದ ಆಸ್ಕರ್ ಪಡೆದದ್ದು ನಿಮಗೆ ಗೊತ್ತಿರಬಹುದು. ಒಂದೇ ಪಾತ್ರದ ಮೂರು ವಯಸ್ಸಿಗೆ ಮೂವರು ನಟರು. ಒಬ್ಬರ ನಟನೆಯನ್ನು ಇನ್ನೊಬ್ಬರು ಅನುಕರಿಸಬಾರದು ಅಂತ ಜೆಂಕಿನ್ಸ್ ಅವರನ್ನು ದೂರ ದೂರ ಇಟ್ಟಿದ್ದರು. ಆದರೂ ಮೂವರ ಕಣ್ಣಲ್ಲೂ ಒಂದೇ ಹುಡುಗ ಕಾಣುತ್ತಾನೆ. ಶೆರಿಲ್ ಡುನ್ಯೇ ಅವರ 'ದಿ ವಾಟರ್‌ಮೆಲನ್ ವುಮನ್' 1996ರದ್ದು. ಹಳೇ ಸಿನಿಮಾಗಳಲ್ಲಿ ಹೆಸರೇ ಹಾಕದೆ ಬಿಟ್ಟ ಕಪ್ಪು ನಟಿಯೊಬ್ಬಳನ್ನು ವಿಡಿಯೋ ಅಂಗಡಿಯ ಹುಡುಗಿ ಹುಡುಕಿಕೊಂಡು ಹೋಗುತ್ತಾಳೆ. ಚರಿತ್ರೆ ಸಿಗದಿದ್ದರೆ ನಾವೇ ಕಟ್ಟಿಕೊಳ್ಳಬೇಕು ಅನ್ನುವುದು ಡುನ್ಯೇ ನಿಲುವು. ಲೆವಾನ್ ಅಕಿನ್ ಅವರ 'ಅಂಡ್ ದೆನ್ ವಿ ಡಾನ್ಸ್ಡ್' 2019ರಲ್ಲಿ ಜಾರ್ಜಿಯಾ ದೇಶದ ಸಾಂಪ್ರದಾಯಿಕ ನೃತ್ಯದ ನಡುವೆ ಹುಟ್ಟುವ ಪ್ರೀತಿಯ ಕಥೆ. ಅಲ್ಲಿನ ರಾಜಧಾನಿ ಟಿಬಿಲಿಸಿಯಲ್ಲಿ ಪ್ರದರ್ಶನದ ದಿನ ದೊಡ್ಡ ಪ್ರತಿಭಟನೆ ನಡೆಯಿತು. ನೃತ್ಯ ಸಂಯೋಜಕರ ಹೆಸರನ್ನು ಅವರ ಕ್ಷೇಮಕ್ಕಾಗಿ ತೆರೆಯ ಮೇಲೆ ಹಾಕಲೇ ಇಲ್ಲ. ಟಾಡ್ ಹೇನ್ಸ್ ಅವರ 'ಕ್ಯಾರೊಲ್', 2015, ಪೆಟ್ರಿಶಿಯಾ ಹೈಸ್ಮಿತ್ 1952ರಲ್ಲಿ ಬೇರೆ ಹೆಸರಿನಲ್ಲಿ ಬರೆದ ಕಾದಂಬರಿಯಿಂದ ಬಂದದ್ದು. ಇಬ್ಬರು ಹೆಂಗಸರನ್ನು ಸಾಯಿಸದೆ ಮುಗಿದ ಆ ಕಾಲದ ಅಪರೂಪದ ಪುಸ್ತಕ ಅದು.

ಎಲ್ಲಿಂದ ಶುರು ಮಾಡಲಿ ಅಂದಿರಿ. ಮೊದಲು ಸ್ವೀಡನ್ನಿನ 'ಶೋ ಮಿ ಲವ್' ನೋಡಿ. ಲೂಕಸ್ ಮೂಡಿಸನ್, 1998. ಬೇಜಾರು ಹಿಡಿಸುವ ಪುಟ್ಟ ಊರು, ಇಬ್ಬರು ಶಾಲೆ ಹುಡುಗಿಯರು, ಆಗ್ನೆಸ್ ಮತ್ತು ಎಲಿನ್. ಒಬ್ಬಳಿಗೆ ಗೆಳೆಯರೇ ಇಲ್ಲ, ಇನ್ನೊಬ್ಬಳ ಹಿಂದೆ ಊರೇ ಇದೆ. ಹದಿಹರೆಯದ ಅವಮಾನ, ಸಿಟ್ಟು, ಸಡಗರ ಎಲ್ಲಾ ಇದೆ, ಕೊನೆಯಲ್ಲಿ ನಿಮ್ಮ ಮುಖದಲ್ಲಿ ನಗು ಗ್ಯಾರಂಟಿ. ಆಮೇಲೆ 'ಲಾಂಡ್ರೆಟ್', 'ವೀಕೆಂಡ್'. ಅಲ್ಲಿಗೆ ಕಣ್ಣು ಪಳಗಿರುತ್ತದೆ, ಆಗ ಸಿಯಾಮಾ. 'ಗ್ರೇಟ್ ಫ್ರೀಡಂ' ಕೊನೆಗಿರಲಿ. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಈ ಸಿನಿಮಾಗಳಲ್ಲಿ ದನಿಯ ನಡುಕ, ಮಾತು ನುಂಗುವುದು ಎಲ್ಲಾ ಮುಖ್ಯ. ಇದಾದ ಮೇಲೆ ನೀವೇ ಹುಡುಕಬೇಕೆಂದರೆ ಇಂಥ ಸಿನಿಮಾಗಳಿಗೆಂದೇ ಬರ್ಲಿನ್ ಚಿತ್ರೋತ್ಸವದ ಟೆಡ್ಡಿ ಪ್ರಶಸ್ತಿ ಇದೆ, 1987ರಿಂದ ಕೊಡುತ್ತಿದ್ದಾರೆ. ಮೊದಲ ವರ್ಷ ಗೆದ್ದದ್ದು ಪೆಡ್ರೊ ಅಲ್ಮೊಡೊವಾರ್. ಕಾನ್‌ನ ಕ್ವಿಯರ್ ಪಾಮ್ 2010ರಿಂದ ಇದೆ. ಗೆದ್ದ ಸಿನಿಮಾಗಳ ಪಟ್ಟಿ ಹಿಡಿದು ಹೊರಟರೆ ದೇಶ ದೇಶ ಸುತ್ತಬಹುದು.

ಅಮ್ಮನ ಜೊತೆ ಅಂದಿರಿ. ಅದಕ್ಕೆ ಆಂಗ್ ಲೀ ಅವರ 'ದಿ ವೆಡ್ಡಿಂಗ್ ಬ್ಯಾಂಕ್ವೆಟ್'. 1993ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಪ್ರಶಸ್ತಿ ಹಂಚಿಕೊಂಡ ಸಿನಿಮಾ. ನ್ಯೂಯಾರ್ಕಿನಲ್ಲಿ ತೈವಾನಿನ ವೈ-ಟುಂಗ್ ತನ್ನ ಗೆಳೆಯ ಸೈಮನ್ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಊರಿಂದ ಅಪ್ಪ ಅಮ್ಮ ಮದುವೆ ಯಾವಾಗ ಅಂತ ಒಂದೇ ಸಮನೆ ಕೇಳುತ್ತಾರೆ. ಬಾಡಿಗೆಗಿದ್ದ ಹುಡುಗಿಗೆ ವೀಸಾ ತೊಂದರೆ. ಸುಳ್ಳು ಮದುವೆ ಮಾಡಿಕೊಂಡರೆ ಎಲ್ಲರಿಗೂ ಅನುಕೂಲ ಅಂದುಕೊಳ್ಳುತ್ತಾರೆ. ಅಪ್ಪ ಅಮ್ಮ ವಿಮಾನ ಹತ್ತಿ ಬಂದೇಬಿಡುತ್ತಾರೆ! ಮೊದಲ ಅರ್ಧ ಹೊಟ್ಟೆ ಹಿಡಿದು ನಗಿಸುತ್ತದೆ. ಎರಡನೇ ಅರ್ಧದಲ್ಲಿ ಅಪ್ಪ ಅಮ್ಮನನ್ನು ಕೆಟ್ಟವರು ಮಾಡದೆ, ಮಗನನ್ನೂ ತಪ್ಪಿತಸ್ಥ ಮಾಡದೆ ಕಥೆ ನಡೆಯುತ್ತದೆ. ಅಪ್ಪನಿಗೆ ಎಷ್ಟು ಗೊತ್ತು, ಅಮ್ಮನಿಗೆ ಎಷ್ಟು ಗೊತ್ತು, ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆ ಅನ್ನುವುದನ್ನು ನಾನು ಹೇಳಿದರೆ ನಿಮ್ಮ ಖುಷಿ ಹಾಳು.

ಅಮ್ಮನಿಗೆ ಅದು ಹಿಡಿಸಿದರೆ ಇನ್ನೊಂದು ದಿನ 'ದಿ ಬ್ಲೂ ಕಫ್ತಾನ್' ಹಾಕಿ. 2022, ಮರಿಯಂ ತೂಝಾನಿ, ಮೊರಾಕೊ. ಆ ದೇಶದಲ್ಲಿ ಸಲಿಂಗ ಸಂಬಂಧ ಈಗಲೂ ಕಾನೂನಿನ ಪ್ರಕಾರ ಅಪರಾಧ. ಹಲೀಮ್ ಕೈಯಲ್ಲೇ ಕಸೂತಿ ಹಾಕುವ ಹಳೇ ಕಾಲದ ದರ್ಜಿ. ಅಂಗಡಿ ನೋಡಿಕೊಳ್ಳುವವಳು ಹೆಂಡತಿ ಮೀನಾ. ಕೆಲಸ ಕಲಿಯಲು ಯೂಸುಫ್ ಬರುತ್ತಾನೆ. ಮೀನಾಗೆ ಗಂಡನ ಮನಸ್ಸು ಗೊತ್ತು, ಮೊದಲಿಂದಲೂ ಗೊತ್ತು. ಅವಳಿಗೆ ವಾಸಿಯಾಗದ ಕಾಯಿಲೆ. ಹೌದು, ಇಲ್ಲೂ ಸಾವಿದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಅದು ಯಾರ ಪ್ರೀತಿಗೂ ಬಿದ್ದ ದಂಡವಲ್ಲ. ಆ ಮನೆಯಲ್ಲಿ ಮೂವರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಬೇರೆ ಬೇರೆ ರೀತಿಯಲ್ಲಿ. ಊರಿನ ಸಾರ್ವಜನಿಕ ಸ್ನಾನಗೃಹದ ಒಂದೆರಡು ದೃಶ್ಯಗಳಲ್ಲಿ ಗಂಡಸರ ಭೇಟಿಗಳ ಸೂಚನೆ ಬರುತ್ತದೆ. ಅದು ಮುಜುಗರ ಅನ್ನಿಸಬಹುದೋ ಇಲ್ಲವೋ ಅಂತ ತಿಳಿಯಲು ಮೊದಲು ನೀವೊಬ್ಬರೇ ಒಮ್ಮೆ ನೋಡಿ, ಆಮೇಲೆ ಅಮ್ಮನನ್ನು ಕರೆಯಿರಿ.